ಒಂದು ರೂಪಾಯಿಯ ನಾರು, ಎರಡು ಲಕ್ಷದ ಬೆಳೆ

ಶ್ರೀನಿವಾಸಪುರದ ಕಡೆಯ ಒಂದು ನರ್ಸರಿ. ಬೆಳಿಗ್ಗೆ ಏಳಕ್ಕೆಲ್ಲ ಗೇಟಿನ ಮುಂದೆ ಮೂರು ಲಗೇಜ್ ಆಟೊ, ಒಂದು ಟ್ರ್ಯಾಕ್ಟರ್ ನಿಂತಿದ್ದವು. ನಮ್ಮ ಚಿಕ್ಕಪ್ಪ ಒಂದು ಎಕರೆಗಾಗುವಷ್ಟು ಟೊಮೆಟೊ ನಾರಿಗೆ, ಅಂದರೆ ಸಸಿಗೆ, ಹೇಳಿಟ್ಟು ಇಪ್ಪತ್ತೆರಡು ದಿನವಾಗಿತ್ತು. ಹುಡುಗರು ಟ್ರೇಗಳನ್ನು ಎತ್ತಿ ಆಟೊಗೆ ಜೋಡಿಸುತ್ತಿದ್ದಾಗ ಮಾಲೀಕರು ಜೇಬಿನಿಂದ ಒಂದು ಚೀಟಿ ತೆಗೆದು ಬರೆದುಕೊಟ್ಟರು: 6000, ಅದರ ಕೆಳಗೆ ಅಡ್ವಾನ್ಸ್ 2000, ಗೆರೆ ಎಳೆದು ಬಾಕಿ 4000. ಚೀಟಿಯಲ್ಲಿ ಇದ್ದದ್ದು ಇಷ್ಟೇ. ತಳಿಯ ಹೆಸರು, ಕಂಪನಿಯ ಹೆಸರು, ಬೀಜ ಯಾವ ಕಂತಿನದು ಎಂದು ತೋರಿಸುವ ಲಾಟ್ ನಂಬರ್ ಒಂದೂ ಇಲ್ಲ. ನೋಡಿದರೆ ನರ್ಸರಿಯ ಹೆಸರೂ ಇರಲಿಲ್ಲ.

"ಯಾವ ತಳಿ ಚಿಕ್ಕಪ್ಪ ಇದು?" ಅಂದೆ.

"ಅದೇ ಕಣೋ, ಹೋದ ಸಲ ಪಕ್ಕದ ತೋಟದೋರು ಹಾಕಿದ್ರಲ್ಲ, ಅದೇ ನಂಬರ್ರು. ಮಂಡೀಲಿ ಅದೇ ಓಡ್ತಿರೋದು."

ಕೋಲಾರ, ಚಿಕ್ಕಬಳ್ಳಾಪುರದ ತರಕಾರಿ ರೈತರಿಗೆ ಒಳ್ಳೆಯ ಬೀಜ ಸಿಗುತ್ತಿಲ್ಲ ಎಂಬ ಮಾತು ಹೊಸದೇನಲ್ಲ. ರೈತಸಂಘದವರು ಒಣಗಿದ ಗಿಡ ಹಿಡಿದು ಕಚೇರಿ ಮುಂದೆ ಕೂತಾಗೆಲ್ಲ ಪತ್ರಿಕೆಗಳಲ್ಲಿ 'ಕಳಪೆ ಬಿತ್ತನೆ ಬೀಜ' ಎಂಬ ತಲೆಬರಹ ಬರುತ್ತದೆ. ಅಧಿಕಾರಿಗಳು ಪರಿಶೀಲಿಸುತ್ತೇವೆ ಅನ್ನುತ್ತಾರೆ, ಕಂಪನಿಯವರು ಹವಾಮಾನದ ಕಡೆ ಕೈ ತೋರಿಸುತ್ತಾರೆ. ನನಗೆ ಅನ್ನಿಸುವುದು ಬೇರೆ. ಒಳ್ಳೆಯ ಬೀಜ ಈ ಸೀಮೆಯಲ್ಲಿ ಇದೆ; ಬೇಕಾದಷ್ಟು ಕಂಪನಿಗಳೂ ಇವೆ. ಆದರೆ ಪ್ಯಾಕೆಟ್ಟಿನಿಂದ ಹೊಲದ ಸಾಲಿಗೆ ಬರುವ ದಾರಿಯಲ್ಲಿ ಬೀಜ ತನ್ನ ಗುರುತು ಕಳೆದುಕೊಳ್ಳುತ್ತದೆ. ಗುರುತೇ ಇಲ್ಲದ ಮೇಲೆ ಯಾರನ್ನು ಕೇಳೋದು?

ಮೊದಲು ದುಡ್ಡಿನ ಲೆಕ್ಕ ನೋಡೋಣ. ಇಲ್ಲಿ ಕೋಲು ನೆಟ್ಟು, ದಾರ ಕಟ್ಟಿ ಬೆಳೆಸುವ ಟೊಮೆಟೊಗೆ ಎಕರೆಗೆ ಐದರಿಂದ ಏಳು ಸಾವಿರ ನಾರು ಹಿಡಿಯುತ್ತದೆ. ನಾರು ಒಂದಕ್ಕೆ ಒಂದು ರೂಪಾಯಿಯ ಆಸುಪಾಸು. ಮಲ್ಚಿಂಗ್ ಪೇಪರ್, ಡ್ರಿಪ್, ನೀಲಗಿರಿ ಕಡ್ಡಿ, ಗೊಬ್ಬರ, ವಾರಕ್ಕೊಮ್ಮೆ ಔಷಧಿ, ಕಟ್ಟುವ ಕೂಲಿ, ಕೀಳುವ ಕೂಲಿ ಎಲ್ಲ ಸೇರಿಸಿ ಖರ್ಚು ಎರಡು ಲಕ್ಷ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಅದರಲ್ಲಿ ನಾರಿನ ಪಾಲು ಆರು ಸಾವಿರ, ಅಂದರೆ ನೂರಕ್ಕೆ ಮೂರು ರೂಪಾಯಿ. ಬೆಳೆ ಚೆನ್ನಾಗಿ ಬಂದು ಎಕರೆಗೆ 30 ಟನ್ ಇಳಿದರೆ 15 ಕಿಲೋದ 2,000 ಬಾಕ್ಸ್ ಆಯಿತು. ಬಾಕ್ಸಿಗೆ ಸರಾಸರಿ 150 ರೂಪಾಯಿ ಸಿಕ್ಕರೆ ಮೂರು ಲಕ್ಷ. ಕೈಯಲ್ಲಿ ಉಳಿಯುವುದು ಒಂದು ಲಕ್ಷ. ಅದೇ ಬೆಲೆಯಲ್ಲಿ ಇಳುವರಿ ಮೂರರಲ್ಲೊಂದು ಪಾಲು ಕಡಿಮೆಯಾದರೆ? ಬರುವುದು ಎರಡು ಲಕ್ಷ. ಹಾಕಿದ ದುಡ್ಡು ಬಂತು, ನಾಲ್ಕೂವರೆ ತಿಂಗಳ ದುಡಿಮೆ ಹೋಯಿತು.

ಹಾಗಾಗಿ ಬೀಜದ ಬೆಲೆ ಕಡಿಮೆ ಮಾಡಿ ಎಂದು ಕೂಗಿದರೆ ಟೊಮೆಟೊ ಬೆಳೆಯುವವನಿಗೆ ದೊಡ್ಡ ಲಾಭವಿಲ್ಲ. ನಾರನ್ನು ಪುಕ್ಕಟೆ ಕೊಟ್ಟರೂ ಆತನಿಗೆ ಉಳಿಯುವುದು ಆರು ಸಾವಿರ. ನೂರಕ್ಕೆ ಮೂರರ ಖರ್ಚು ಉಳಿದ ತೊಂಬತ್ತೇಳರ ಹಣೆಬರಹ ಬರೆಯುತ್ತದೆ ಅನ್ನುವುದೇ ಇಲ್ಲಿಯ ಕಷ್ಟ. ಹತ್ತು ಎಕರೆಯವನು ಎರಡು ತಳಿ ಹಾಕಿ, ಎರಡು ನರ್ಸರಿಯಿಂದ ತಂದು, ವಾರ ಬಿಟ್ಟು ನೆಟ್ಟು ಅಪಾಯ ಹಂಚಿಕೊಳ್ಳುತ್ತಾನೆ. ಒಂದು ಎಕರೆ, ಒಂದು ಬೋರ್‌ವೆಲ್ ಇರುವವನ ಬಂಡವಾಳವೆಲ್ಲ ಒಂದೇ ಸಲ, ಒಂದೇ ತಳಿಯ ಮೇಲೆ ಕೂರುತ್ತದೆ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ನೂರಕ್ಕೆ 86 ಸಣ್ಣ, ಅತಿಸಣ್ಣ ಹಿಡುವಳಿಗಳು. ಸಾವಿರ ಅಡಿ ಕೊರೆದರೂ ನೀರು ಸಿಗುವ ಭರವಸೆಯಿಲ್ಲದ ನಮ್ಮ ಜಿಲ್ಲೆಗಳಲ್ಲಿ, ಇರುವ ಅಷ್ಟು ನೀರನ್ನು ಯಾವ ಗಿಡಕ್ಕೆ ಕುಡಿಸುತ್ತೇವೆ ಎನ್ನುವುದೂ ಬೀಜದ ಪ್ರಶ್ನೆಯೇ.

2023ರ ಜುಲೈ ನೆನಪಿಸಿಕೊಳ್ಳಿ. ಕೋಲಾರ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸ್ 2,000 ರೂಪಾಯಿ ದಾಟಿತ್ತು. ಟೊಮೆಟೊ ಬೆಳೆದವರೆಲ್ಲ ಕೋಟ್ಯಧಿಪತಿಗಳಾದರು ಎಂದು ಟೀವಿಗಳು ತಮಟೆ ಬಾರಿಸಿದವು. ಅದೇ ತಿಂಗಳು ಇದೇ ಜಿಲ್ಲೆಯ ಎಷ್ಟೋ ತೋಟಗಳಲ್ಲಿ ಎಲೆ ಮುದುಡಿ, ಗಿಡ ಕುಳ್ಳಾಗಿ, ಹೂವು ಉದುರಿ ನಿಂತಿದ್ದವು. ನಮ್ಮವರು ಬಿಂಗಿ ರೋಗ ಅನ್ನುವುದು ಇದನ್ನೇ. ಬಿಳಿ ನೊಣ ಹರಡುವ ಎಲೆ ಮುದುಡು ವೈರಸ್. ಬೆಲೆ ಅಷ್ಟು ಏರಲು ಈ ರೋಗವೂ ಒಂದು ಕಾರಣ. ಇಳುವರಿ ಬಂದವನಿಗೆ ಜೀವಮಾನದ ಬೆಲೆ ಸಿಕ್ಕಿತು, ಗಿಡ ಹೋದವನು ಪಕ್ಕದ ತೋಟದ ಬಾಕ್ಸುಗಳು ಲಾರಿಗೆ ಏರುವುದನ್ನು ನೋಡುತ್ತ ನಿಂತ. ಇಬ್ಬರ ನಡುವೆ ಇದ್ದ ವ್ಯತ್ಯಾಸ ಕೆಲವು ಕಡೆ ಬದು ಮಾತ್ರ.

ಆದರೆ ಆ ಗಿಡ ಹೋದದ್ದು ಬೀಜದಿಂದಲೇ? ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ 'ಕಳಪೆ ಬೀಜ' ಅನ್ನುವ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳನ್ನು ತುಂಬಿಬಿಟ್ಟಿದ್ದೇವೆ.

ಬೀಜ ಮೊಳೆಯದೇ ಹೋಗುವುದು ಒಂದು. ಟೊಮೆಟೊ ಬೀಜಕ್ಕೆ ಕನಿಷ್ಠ ಮೊಳಕೆ ಪ್ರಮಾಣ ನೂರಕ್ಕೆ 70, ಮೆಣಸಿನಕಾಯಿಗೆ 60. ಗ್ರಾಮಿಗೆ ಸುಮಾರು 300 ಟೊಮೆಟೊ ಬೀಜ ಅಂದುಕೊಂಡರೆ ಹತ್ತು ಗ್ರಾಮಿನ ಪ್ಯಾಕೆಟ್ಟಿನಲ್ಲಿ 3,000 ಬೀಜ. ಅದರಲ್ಲಿ 900 ಮೊಳೆಯದಿದ್ದರೂ ಬೀಜ ಕಾನೂನಿನ ಕಣ್ಣಿಗೆ ಪಾಸು. ಒಳ್ಳೆಯ ಹೈಬ್ರಿಡ್‌ಗಳು ಇದಕ್ಕಿಂತ ಚೆನ್ನಾಗಿಯೇ ಮೊಳೆಯುತ್ತವೆ ಅನ್ನಿ. ನರ್ಸರಿ ಬಂದಮೇಲೆ ಈ ತಲೆನೋವು ರೈತನ ತಲೆಯಿಂದ ಇಳಿದಿದೆ. ಆತ ಕೊಳ್ಳುವುದು ಎದ್ದು ನಿಂತ ಗಿಡವನ್ನು. ಹಿಂದೆ ಬಾವಿ ಪಕ್ಕದ ಮಡಿಯಲ್ಲಿ ಬೀಜ ಚೆಲ್ಲಿ, ಹುಲ್ಲು ಹೊದಿಸಿ, ಮಳೆಗೆ ಹೆದರಿ, ಕಿತ್ತಾಗ ಅರ್ಧ ಬೇರು ಹರಿದು ಬರುತ್ತಿದ್ದ ಕಾಲಕ್ಕೆ ಹೋಲಿಸಿದರೆ 98 ಗುಳಿಯ ಟ್ರೇ, ತೆಂಗಿನ ನಾರಿನ ಪುಡಿ, ಸೊಳ್ಳೆಪರದೆಯಂಥ ಬಲೆ ಕಟ್ಟಿದ ನೆರಳುಮನೆ ಎಲ್ಲವೂ ದೊಡ್ಡ ಉಪಕಾರವೇ. ನರ್ಸರಿಯವರನ್ನು ಖಳನಾಯಕರಾಗಿ ಮಾಡುವ ಉದ್ದೇಶ ನನಗಿಲ್ಲ. ಸಣ್ಣ ರೈತನಿಗೆ ಹೈಬ್ರಿಡ್ ಬೀಜ ಕೈಗೆಟುಕುವಂತೆ ಮಾಡಿದವರೇ ಅವರು.

ಎರಡನೆಯದು ಬೆರಕೆ. ಹೈಬ್ರಿಡ್ ಬೀಜ ಅಂದರೆ ಎರಡು ಬೇರೆ ತಳಿಗಳನ್ನು ಕೈಯಿಂದ ಕೂಡಿಸಿದ್ದು. ರಾಣೆಬೆನ್ನೂರಿನ ಸುತ್ತ, ಕೊಪ್ಪಳದ ಕುಷ್ಟಗಿ ಕಡೆ ಪರದೆ ಕಟ್ಟಿದ ಹೊಲಗಳಲ್ಲಿ ಹೆಂಗಸರು ಚಿಮುಟ ಹಿಡಿದು, ಅರಳುವ ಮೊದಲೇ ಮೊಗ್ಗಿನ ಗಂಡುಭಾಗ ಕಿತ್ತು, ಮರುದಿನ ಇನ್ನೊಂದು ತಳಿಯ ಪರಾಗ ಮುಟ್ಟಿಸುತ್ತಾರೆ. ಒಂದೊಂದು ಹೂವಿಗೂ ಎರಡೆರಡು ಸಲ ಕೈ. ಅವಸರದಲ್ಲಿ ನಾಲ್ಕು ಮೊಗ್ಗು ತಪ್ಪಿದರೆ ಅವು ತಮ್ಮಷ್ಟಕ್ಕೆ ತಾವೇ ಕಾಯಿ ಕಟ್ಟುತ್ತವೆ, ಆ ಬೀಜ ತಾಯಿ ತಳಿಯದ್ದೇ ಆಗುತ್ತದೆ. ಪ್ಯಾಕೆಟ್ಟಿನಲ್ಲಿ, ಟ್ರೇಯಲ್ಲಿ ಇದು ಗೊತ್ತಾಗುವುದಿಲ್ಲ. ಕಾಯಿ ಬಿಟ್ಟಮೇಲೆ ಸಾಲಿನಲ್ಲಿ ಅಲ್ಲಲ್ಲಿ ಚಪ್ಪಟೆ ಕಾಯಿ, ಮೂತಿ ಕಾಯಿ ಕಾಣಿಸಿದಾಗ ಅರಿವಿಗೆ ಬರುತ್ತದೆ. ಹೀಗೆ ತಯಾರಾದ ಹೈಬ್ರಿಡ್‌ನ ಹಣ್ಣಿನಿಂದ ನಾವೇ ಬೀಜ ತೆಗೆದು ಹಾಕಿದರೆ ಮುಂದಿನ ಪೀಳಿಗೆ ಚದುರಿಹೋಗುತ್ತದೆ. ಒಂದು ಗಿಡ ಅಪ್ಪನಂತೆ, ಒಂದು ಅಜ್ಜಿಯಂತೆ. ಹಾಗಾಗಿ ಪ್ರತಿ ಸಲವೂ ಅಂಗಡಿಗೆ ಹೋಗಲೇಬೇಕು.

ಮೂರನೆಯದು, ತಳಿ ಸರಿ, ಕಾಲ ತಪ್ಪು. ಹಗಲು 35 ಡಿಗ್ರಿ ದಾಟುವ ಬೇಸಿಗೆಯಲ್ಲಿ ಟೊಮೆಟೊ ಹೂವು ಕಾಯಿ ಕಚ್ಚುವುದು ಕಷ್ಟ; ಬಿಸಿ ತಡೆಯುವ ತಳಿಗಳೇ ಬೇರೆ, ಮಳೆಗಾಲದ ತಳಿಗಳೇ ಬೇರೆ. ಇದನ್ನು ಪ್ಯಾಕೆಟ್ಟಿನ ಜೊತೆಯ ಕರಪತ್ರದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಪ್ಯಾಕೆಟ್ಟನ್ನೇ ನೋಡದವನು ಕರಪತ್ರವನ್ನು ಎಲ್ಲಿ ಓದಬೇಕು?

ನಾಲ್ಕನೆಯದು ಬಿಂಗಿಯಂಥ ವೈರಸ್, ಮತ್ತೆ ನಮ್ಮವರು ಊಜಿ ಎಂದು ಕರೆಯುವ ಎಲೆ ಕೊರೆಯುವ ಹುಳು. ರೇಷ್ಮೆ ಹುಳುವಿಗೆ ಬರುವ ಊಜಿಯ ಹೆಸರನ್ನೇ ಇದಕ್ಕೂ ಇಟ್ಟುಬಿಟ್ಟರು, ರೇಷ್ಮೆ ಸೀಮೆ ನೋಡಿ. ದಕ್ಷಿಣ ಅಮೆರಿಕ ಮೂಲದ ಈ ಹುಳು ಭಾರತದಲ್ಲಿ ಕಂಡದ್ದು 2014ರಲ್ಲಿ. ಇವೆರಡಕ್ಕೂ ಬೀಜವನ್ನು ನೇರವಾಗಿ ದೂರುವಂತಿಲ್ಲ. ಎಲೆ ಮುದುಡು ವೈರಸ್ ಮುಖ್ಯವಾಗಿ ಬಿಳಿ ನೊಣದ ಮೂಲಕ ಬರುತ್ತದೆ; ಅದು ನರ್ಸರಿಯ ಹರಿದ ಬಲೆಯಲ್ಲೇ ತಗುಲಿರಬಹುದು, ಪಕ್ಕದ ಹಳೇ ತೋಟದಿಂದಲೂ ಬಂದಿರಬಹುದು. ನೆಟ್ಟು ಎರಡು ಮೂರು ವಾರ ಆದಮೇಲೆ ಎಲೆ ಮುದುಡುತ್ತದೆ, ಅಷ್ಟರಲ್ಲಿ ಎಲ್ಲಿಂದ ಬಂತು ಎಂದು ಹೇಳುವವರಿಲ್ಲ. ಆದರೆ ಬೀಜದವರ ಜವಾಬ್ದಾರಿ ಒಂದು ಕಡೆ ಇದೆ. ಪ್ಯಾಕೆಟ್ಟಿನ ಮೇಲೆ ರೋಗವನ್ನು 'ಸಹಿಸುತ್ತದೆ' ಎಂದಿರುವುದು ಅಂಗಡಿಯವನ ಬಾಯಲ್ಲಿ 'ರೋಗ ಬರೋದೇ ಇಲ್ಲ ತಗೋ ಯಜಮಾನ' ಎಂದಾಗುತ್ತದೆ. ಈ ಎರಡು ಮಾತಿನ ನಡುವೆ ಬೀಳುವುದು ರೈತನ ಎರಡು ಲಕ್ಷ.

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ದೂರು ಕೊಟ್ಟಾಗ ಮೊದಲು ಏಳುವ ಪ್ರಶ್ನೆಯೇ ಇದು: ನಾಲ್ಕರಲ್ಲಿ ಯಾವುದು? ಮೊಳಕೆ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಎರಡು ವಾರದಲ್ಲಿ ನೋಡಬಹುದು. ತಳಿ ಶುದ್ಧತೆ ನೋಡಬೇಕಾದರೆ ಅದೇ ಲಾಟಿನ ಬೀಜವನ್ನು ಬೆಳೆಸಿ ನೋಡಬೇಕು, ಇಲ್ಲವೆ ಡಿಎನ್‌ಎ ಪರೀಕ್ಷೆ ಮಾಡಬೇಕು. ಎರಡಕ್ಕೂ ಬೇಕಾದದ್ದು ಲಾಟ್ ನಂಬರ್. ನಮ್ಮ ಚಿಕ್ಕಪ್ಪನ ಚೀಟಿಯಲ್ಲಿ ಇಲ್ಲದ್ದೂ ಅದೇ.

ಕಾನೂನು ಏನು ಹೇಳುತ್ತದೆ? 1966ರ ಬೀಜ ಕಾಯ್ದೆಯ ಬಲ ಇರುವುದು ಸರ್ಕಾರ ಅಧಿಸೂಚನೆ ಹೊರಡಿಸಿದ ತಳಿಗಳ ಮೇಲೆ. ಕನಿಷ್ಠ ಮೊಳಕೆ, ಶುದ್ಧತೆ ಕಡ್ಡಾಯವಾಗುವುದು ಅವುಗಳಿಗೆ ಮಾತ್ರ. ತರಕಾರಿಯಲ್ಲಿ ಓಡುತ್ತಿರುವ ಖಾಸಗಿ ಹೈಬ್ರಿಡ್‌ಗಳಲ್ಲಿ ಬಹಳಷ್ಟು ಅಧಿಸೂಚಿತ ಅಲ್ಲ. ಅವು ಬೀಜದ ಗುಣಮಟ್ಟವನ್ನು ಕಂಪನಿಯೇ ತನ್ನ ಮಾತಿನ ಮೇಲೆ ಬರೆದು ಅಂಟಿಸುವ ನಿಜಚೀಟಿ ಬೀಜಗಳು. ಸರ್ಕಾರಿ ಸಂಸ್ಥೆ ಹೊಲಕ್ಕೆ ಬಂದು ನೋಡಿ ನೀಲಿ ಚೀಟಿ ಕಟ್ಟುವ ಪ್ರಮಾಣಿತ ಬೀಜ ರಾಗಿ, ಭತ್ತದಲ್ಲಿ ಕಾಣುವಷ್ಟು ತರಕಾರಿಯಲ್ಲಿ ಕಾಣುವುದಿಲ್ಲ. 1988ರ ಬೀಜ ನೀತಿ ತರಕಾರಿ ಬೀಜದ ಆಮದಿಗೆ ಬಾಗಿಲು ತೆರೆದಮೇಲೆ ಖಾಸಗಿ ಕಂಪನಿಗಳು ಬೆಳೆದವು, ತಳಿಗಳು ಬಂದವು, ಇಳುವರಿಯೂ ಏರಿತು. ಕಾಯ್ದೆ ಮಾತ್ರ 1966ರಲ್ಲೇ ಉಳಿಯಿತು.

ಆದರೂ ಆ ಹಳೇ ಕಾಯ್ದೆಯಲ್ಲಿ ಹೆಚ್ಚಿನವರು ಗಮನಿಸದ ಒಂದು ಮಾತಿದೆ. 'ಬೀಜ' ಎಂಬುದರ ವ್ಯಾಖ್ಯೆಯೊಳಗೆ ಸಸಿಯೂ ಸೇರಿದೆ. ಗೆಡ್ಡೆ, ಕಸಿ ಗಿಡ, ಕಡ್ಡಿಯೂ ಸೇರಿವೆ. ಅಂದರೆ ನಾರು ಮಾರುವವರು ಬೀಜ ಮಾರುವವರೇ. ಕಾಗದದ ಮೇಲೆ ಹೀಗಿದ್ದರೂ ಬೀಜದ ಅಂಗಡಿಗೆ ಬರುವ ತಪಾಸಣೆ ನರ್ಸರಿಯ ಗೇಟಿನೊಳಗೆ ಬರುವುದು ಅಪರೂಪ. ಬೀಜ ನಿಯಮಗಳ 23ಎ ಪ್ರಕಾರ ಬೆಳೆ ಕೈಕೊಟ್ಟಿತು ಎಂದು ರೈತ ಲಿಖಿತ ದೂರು ಕೊಟ್ಟರೆ ಬೀಜ ಪರಿವೀಕ್ಷಕರು ಲೇಬಲ್ ಚೀಟಿ, ಖಾಲಿ ಪ್ಯಾಕೆಟ್ಟು, ಉಳಿದ ಬೀಜವನ್ನು ವಶಕ್ಕೆ ತಗೊಂಡು ಕಾರಣ ಹುಡುಕಬೇಕು. ಲೇಬಲ್, ಪ್ಯಾಕೆಟ್ಟು, ಬೀಜ: ಮೂರೂ ಇರುವುದು ನರ್ಸರಿಯ ಕಸದ ಬುಟ್ಟಿಯಲ್ಲಿ, ಅಷ್ಟು ಹೊತ್ತಿಗೆ ಬುಟ್ಟಿಯೂ ಖಾಲಿ.

ಇನ್ನೊಂದು ದಾರಿ ಗ್ರಾಹಕ ಆಯೋಗ. ಇದರ ಬಗ್ಗೆ ಹಳ್ಳಿಗಳಲ್ಲಿ ತಿಳಿದಿರುವುದು ತೀರಾ ಕಡಿಮೆ. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ ಬೀಜ ನಿಗಮ ಮತ್ತು ಆಂಧ್ರದ ರೈತರ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು: ಬೀಜ ಕೊಂಡ ರೈತ ಗ್ರಾಹಕ, ಬೀಜ ಕಾಯ್ದೆ ಇದೆ ಎಂಬ ಕಾರಣಕ್ಕೆ ಆತನಿಗೆ ಗ್ರಾಹಕ ವೇದಿಕೆಯ ಬಾಗಿಲು ಮುಚ್ಚುವಂತಿಲ್ಲ. ರೈತ ತಂದ ಬೀಜವನ್ನೆಲ್ಲ ಬಿತ್ತಿಬಿಡುತ್ತಾನೆ; ಮುಂದೆ ಪರೀಕ್ಷೆಗೆ ಬೇಕಾದೀತು ಎಂದು ಆತ ಸ್ವಲ್ಪ ತೆಗೆದಿಡಲಿ ಎಂದು ನಿರೀಕ್ಷಿಸುವುದು ಸರಿಯಲ್ಲ ಎಂದೂ ಹೇಳಿತು. ಹೊಲಕ್ಕೆ ಬಂದು ನೋಡಿದ ಅಧಿಕಾರಿಯ, ವಿಜ್ಞಾನಿಯ ವರದಿಗೂ ಬೆಲೆಯಿದೆ. 2019ರ ಹೊಸ ಗ್ರಾಹಕ ಕಾಯ್ದೆಯಡಿ ತಾನಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕೊಂಡ ಸರಕಿನ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದ ಅವಧಿಯಿದೆ, ವಕೀಲರೂ ಕಡ್ಡಾಯವಲ್ಲ. ಬೀಜ ಉಳಿಸಿಕೊಂಡಿಲ್ಲ ಎಂಬ ನೆಪವನ್ನು ಕೋರ್ಟು ತೆಗೆದುಹಾಕಿದೆ. ಕೊಂಡಿದ್ದೇನೆ ಎಂಬುದಕ್ಕೆ ಬಿಲ್ಲೇ ಇಲ್ಲದಿದ್ದರೆ ಮಾತ್ರ ಕೋರ್ಟಾದರೂ ಏನು ಮಾಡೀತು?

ಹಾಗಿದ್ದರೆ ಸರ್ಕಾರಿ ತಳಿ ಹಾಕಬಹುದಲ್ಲ ಎನ್ನುವವರಿದ್ದಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನಮ್ಮಿಂದ ಒಂದೂವರೆ ಎರಡು ಗಂಟೆ ದಾರಿ. ಅವರ ಅರ್ಕಾ ರಕ್ಷಕ್ ಹೈಬ್ರಿಡ್ ಎಲೆ ಮುದುಡು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಮೂರನ್ನೂ ತಡೆಯುವಂತೆ ಮಾಡಿದ್ದು. ಹೆಕ್ಟೇರಿಗೆ 75ರಿಂದ 80 ಟನ್ ಎನ್ನುತ್ತಾರೆ. ಮೇಲಿನ ಲೆಕ್ಕದಲ್ಲಿ ಎಕರೆಗೆ 30 ಟನ್ ಎಂದದ್ದು ಇದರಿಂದಲೇ. ಆಮೇಲೆ ಬಂದ ಅರ್ಕಾ ಅಭೇದ್ ತಡವಾಗಿ ಬರುವ ಅಂಗಮಾರಿಯನ್ನೂ ತಡೆಯುತ್ತದೆ. ಬೀಜವನ್ನು ಸಂಸ್ಥೆಯ ಪೋರ್ಟಲ್‌ನಲ್ಲಿ ದುಡ್ಡು ಕಟ್ಟಿ ಮನೆಗೇ ತರಿಸಿಕೊಳ್ಳಬಹುದು. ಚೆನ್ನಾಗಿ ಬೆಳೆದ ರೈತರಿದ್ದಾರೆ, ಸುಳ್ಳಲ್ಲ.

ಆದರೆ ತಳಿಯನ್ನು ಆರಿಸುವವನು ರೈತ ಒಬ್ಬನೇ ಅಲ್ಲ. ಕೋಲಾರದ ಮಾರುಕಟ್ಟೆ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿಂದ, ಮುಳಬಾಗಿಲಿನ ವಡ್ಡಹಳ್ಳಿಯಿಂದ, ಚಿಂತಾಮಣಿಯಿಂದ ಲಾರಿಗಳು ಉತ್ತರ ಭಾರತದವರೆಗೆ ಹೋಗುತ್ತವೆ. ಎರಡು ಮೂರು ದಿನ ಲಾರಿಯಲ್ಲಿ ಕೂತ ಹಣ್ಣು ಒಡೆಯಬಾರದು, ಸೈಜು ಒಂದೇ ಸಮ ಇರಬೇಕು, ಸಿಪ್ಪೆ ದಪ್ಪ ಇರಬೇಕು. ಹೊರಗಿನ ವ್ಯಾಪಾರಿಗೆ ಇಷ್ಟವಾದ ಆಕಾರ ಯಾವುದೋ ಅದಕ್ಕೆ ಹರಾಜಿನಲ್ಲಿ ಇಪ್ಪತ್ತು ಮೂವತ್ತು ರೂಪಾಯಿ ಜಾಸ್ತಿ. ಸಾರಿಗೆ ಹುಳಿ ಬಿಡುವ ನಾಟಿ ಟೊಮೆಟೊ ನಮ್ಮ ಅಡುಗೆಮನೆಯಲ್ಲಿ ರಾಣಿ, ಲಾರಿಯಲ್ಲಿ ಅದಕ್ಕೆ ಜಾಗವಿಲ್ಲ. ಮಂಡಿಯವರು ಹೇಳಿದ ತಳಿಯ ನಂಬರನ್ನು ರೈತ ನರ್ಸರಿಯಲ್ಲಿ ಕೇಳುತ್ತಾನೆ, ಹತ್ತು ಜನ ಕೇಳಿದ ನಂಬರನ್ನು ನರ್ಸರಿಯವರು ಹಾಕುತ್ತಾರೆ. ಹನ್ನೊಂದನೆಯವನು ಬಂದು ನನಗೆ ಅರ್ಕಾ ರಕ್ಷಕ್ ಬೇಕು ಎಂದರೆ ಅರವತ್ತು ಟ್ರೇಗಾಗಿ ಬೇರೆ ಬೀಜ ತರಿಸಿ ಹಾಕಲು ಅವರಿಗೆ ಗಿಟ್ಟುವುದಿಲ್ಲ. ಒಂದು ತಳಿ ಚೆನ್ನಾಗಿ ಓಡಿತೋ, ಮುಂದಿನ ಸಲ ಇಡೀ ಹೋಬಳಿ ಅದನ್ನೇ ಹಾಕುತ್ತದೆ. ಎಲ್ಲರದ್ದೂ ಒಂದೇ ವಾರ ಮಂಡಿಗೆ ಬರುತ್ತದೆ, ಬೆಲೆ ಬೀಳುತ್ತದೆ, ರೋಗ ಬಂದರೆ ಎಲ್ಲರಿಗೂ ಬರುತ್ತದೆ.

ಟೊಮೆಟೊ ಬಗ್ಗೆಯೇ ಇಷ್ಟು ಹೇಳಿದೆ. ಬೇರೆ ಬೆಳೆಗಳ ಕಥೆ ಬೇರೆ, ಅದನ್ನು ಒಂದೇ ಗಂಟಿಗೆ ಕಟ್ಟುವುದು ತಪ್ಪು. ಹುರುಳಿಕಾಯಿ ತೆಗೆದುಕೊಳ್ಳಿ. ಎಕರೆಗೆ ಇಪ್ಪತ್ತು ಇಪ್ಪತ್ತೈದು ಕಿಲೋ ಬೀಜ ಬೇಕು, ಹಾಗಾಗಿ ಅಲ್ಲಿ ಬೀಜದ ಬೆಲೆಯೇ ದೊಡ್ಡ ಖರ್ಚು. ಆದರೆ ಅದು ತನ್ನ ಹೂವಿನಲ್ಲೇ ಪರಾಗ ಕೂಡುವ ಬೆಳೆ. ಅರ್ಕಾ ಕೋಮಲ್‌ನಂಥ ತಳಿಯ ಬೀಜವನ್ನು ರೋಗವಿಲ್ಲದ ಸಾಲಿನಿಂದ ಒಣಗಿಸಿ ಎತ್ತಿಟ್ಟುಕೊಂಡರೆ ಮುಂದಿನ ಸಲಕ್ಕೆ ಅದೇ ತಳಿ ಬರುತ್ತದೆ. ಅವರೆಯನ್ನು ನಮ್ಮ ಅಜ್ಜಿಯರು ಬೂದಿ ಬೆರೆಸಿ ಮಡಕೆಯಲ್ಲಿ ಇಡುತ್ತಿದ್ದದ್ದು ಹೀಗೆಯೇ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜ ಎತ್ತಿಡಲು, ಬಿತ್ತಲು, ಹಂಚಲು, ಬ್ರಾಂಡಿನ ಹೆಸರಿಲ್ಲದೆ ಮಾರಲೂ ರೈತನಿಗೆ ಹಕ್ಕು ಕೊಟ್ಟಿದೆ. ಹುರುಳಿಕಾಯಿಯಲ್ಲಿ ನಾಲ್ಕೈದು ಜನ ಸೇರಿ ಬೀಜಕ್ಕೆಂದೇ ಹತ್ತು ಗುಂಟೆ ಬಿಡುವುದು ಆಗದ ಕೆಲಸವಲ್ಲ. ಯಾಕೋ ಯಾರೂ ಮಾಡುತ್ತಿಲ್ಲ. ಹಸಿಕಾಯಿಗೆ ಇವತ್ತೇ ದುಡ್ಡು ಬರುವಾಗ ಒಣಗಲು ಬಿಡುವ ಮನಸ್ಸು ಬರುವುದಿಲ್ಲವೇನೋ.

ಆಲೂಗಡ್ಡೆಯದು ಇನ್ನೊಂದು ಬಗೆ. ಎಕರೆಗೆ ಆರೇಳು ನೂರು ಕಿಲೋ ಬಿತ್ತನೆ ಗೆಡ್ಡೆ ಬೇಕು, ಅದು ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ. ಲಾರಿಯಲ್ಲಿ ಎರಡು ಸಾವಿರ ಕಿಲೋಮೀಟರ್ ದಾಟಿ ಬಂದ ಮೂಟೆ ಬಿಚ್ಚಿದಾಗ ಒಳಗೆ ಏನಿದೆಯೋ ಅದೇ ಬೀಜ. ಅಂಗಾಂಶ ಕೃಷಿಯ ಗಿಡದ ಕುಡಿಗಳಿಂದ ಸಸಿ ಮಾಡಿ, ಅದರಿಂದ ಇಲ್ಲೇ ಬಿತ್ತನೆ ಗೆಡ್ಡೆ ಬೆಳೆಯುವ ಕೆಲಸ ಹಾಸನದಲ್ಲಿ ಶುರುವಾಗಿದೆ. ಅದು ಬೇರೆಯೇ ಒಂದು ಲೇಖನದ ವಿಷಯ.

ರಾಗಿ, ತೊಗರಿ, ಕಡಲೆಕಾಯಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ಬೀಜ ಸಿಗುತ್ತದೆ, ಬಿಲ್ಲು ಸಿಗುತ್ತದೆ, ಚೀಟಿ ಕಟ್ಟಿದ ಮೂಟೆ ಸಿಗುತ್ತದೆ. ಮಳೆ ನಂಬಿದ ರಾಗಿಗೆ ಇರುವ ಈ ಸಣ್ಣ ಶಿಸ್ತು, ಲಕ್ಷಗಟ್ಟಲೆ ಸುರಿಯುವ ತರಕಾರಿಗೆ ಇಲ್ಲದಿರುವುದು ನನಗೆ ಯಾವಾಗಲೂ ವಿಚಿತ್ರವಾಗಿ ಕಾಣುತ್ತದೆ.

ಬೀಜ ಒಳ್ಳೆಯದಾದರೆ ಸಣ್ಣ ರೈತನ ಆದಾಯ ಏರುತ್ತದೆ ಎಂಬುದು ಬರೀ ಹಾರೈಕೆಯ ಮಾತಲ್ಲ. ಸೈಮನ್ ಗ್ರೂಟ್ ಎಂಬ ಡಚ್ ಬೀಜದ ವ್ಯಾಪಾರಿ 1982ರಲ್ಲಿ ಫಿಲಿಪ್ಪೀನ್ಸಿನ ಬೆನಿಟೊ ಡೊಮಿಂಗೊ ಜೊತೆ ಸೇರಿ ಉಷ್ಣ ಪ್ರದೇಶದ ಸಣ್ಣ ರೈತರಿಗೆಂದೇ ತರಕಾರಿ ಬೀಜದ ಕಂಪನಿ ಕಟ್ಟಿದರು. ಹಾಗಲಕಾಯಿಯಂಥ, ದೊಡ್ಡ ಕಂಪನಿಗಳು ತಿರುಗಿಯೂ ನೋಡದ ಬೆಳೆಗಳಲ್ಲಿ ಹೈಬ್ರಿಡ್ ತಂದರು. 2019ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ಬೀಜ ಕೊಟ್ಟು ಸುಮ್ಮನಾಗದೆ, ಹೊಲದಲ್ಲಿ ನಿಂತು ಬೆಳೆಸುವುದನ್ನು ಕಲಿಸಲೆಂದೇ ಕಂಪನಿ ಜನರನ್ನು ಇಟ್ಟಿತು ಎಂಬುದು ಆ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿ. ನಮ್ಮಲ್ಲಿ ಆ ಜಾಗದಲ್ಲಿ ಇರುವವರು ಗೊಬ್ಬರ ಔಷಧಿ ಅಂಗಡಿಯವರು. ಸಲಹೆಯೂ ಅವರದೇ, ಸರಕೂ ಅವರದೇ, ಸಾಲವೂ ಅವರದೇ. ಕೋಲಾರದ ಟಮಕದ ಕೃಷಿ ವಿಜ್ಞಾನ ಕೇಂದ್ರ, ಚಿಂತಾಮಣಿ ಹತ್ತಿರ ಕುರುಬೂರಿನ ಕೇಂದ್ರ ಎರಡೂ ಕೆಲಸ ಮಾಡುತ್ತಿವೆ; ಆದರೆ ಎಲೆ ಮುದುಡಿದ ದಿನ ಸಂಜೆ ರೈತ ಹೋಗುವುದು ಊರಿನ ಅಂಗಡಿಗೆ.

ಈಗ ಕಾನೂನು ಬದಲಾಗುವ ಮಾತು ನಡೆದಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಬೀಜದ ಜಾಡು ಹಿಡಿಯಲು 'ಸಾಥಿ' ಎಂಬ ಪೋರ್ಟಲ್ ತಂದಿತು. 2025ರ ನವೆಂಬರ್‌ನಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕೆಂದು ಹೊಸ ಬೀಜ ಮಸೂದೆಯ ಕರಡು ಬಿಟ್ಟಿತು. ಮಾರುವ ತಳಿಗಳ ನೋಂದಣಿ ಕಡ್ಡಾಯ, ಪ್ಯಾಕೆಟ್ಟಿನ ಮೇಲೆ ಕ್ಯೂಆರ್ ಕೋಡ್, ನರ್ಸರಿಗಳಿಗೂ ನೋಂದಣಿ, ದೊಡ್ಡ ಅಪರಾಧಕ್ಕೆ 30 ಲಕ್ಷ ರೂಪಾಯಿವರೆಗೆ ದಂಡ, 3 ವರ್ಷದವರೆಗೆ ಸೆರೆ. ಕೇಳಲು ಗಟ್ಟಿಯಾಗಿದೆ. ದಂಡ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ರೈತನಿಗಲ್ಲ, ಎನ್ನುವ ತಕರಾರು ಇದ್ದೇ ಇದೆ. ನನ್ನ ತಕರಾರು ಅದಕ್ಕಿಂತ ಸಣ್ಣದು. ಕ್ಯೂಆರ್ ಕೋಡ್ ಇರುವುದು ಪ್ಯಾಕೆಟ್ಟಿನ ಮೇಲೆ. ಪ್ಯಾಕೆಟ್ಟು ಕೊಳ್ಳುವುದು ನರ್ಸರಿ. ಒಂದು ಎಕರೆಯವನ ಕೈಗೆ ಬರುವುದು 61 ಟ್ರೇ. ಆ ಕೋಡು ಟ್ರೇಯವರೆಗೆ ಬರದಿದ್ದರೆ ಕೇಂದ್ರದ ಜಾಡು ನರ್ಸರಿಯ ಗೇಟಿನಲ್ಲಿ ನಿಂತುಹೋಗುತ್ತದೆ.

ಇದಕ್ಕೆ ಮಸೂದೆ ಪಾಸಾಗುವವರೆಗೂ ಕಾಯಬೇಕಾಗಿಲ್ಲ. ಒಂದು ಸಣ್ಣ ಬಿಲ್ ಪುಸ್ತಕ, ಅದರಲ್ಲಿ ನಾಲ್ಕು ಖಾನೆ: ತಳಿ, ಕಂಪನಿ, ಲಾಟ್ ನಂಬರ್, ಬೀಜ ಹಾಕಿದ ದಿನಾಂಕ. ಜಿಲ್ಲೆಯ ತೋಟಗಾರಿಕೆ ಇಲಾಖೆ ಮನಸ್ಸು ಮಾಡಿದರೆ ಒಂದು ಹಂಗಾಮಿನಲ್ಲಿ ಆಗುವ ಕೆಲಸ. ರೈತ ಉತ್ಪಾದಕ ಕಂಪನಿಗಳು ತಮ್ಮದೇ ನರ್ಸರಿ ಮಾಡಿದರೆ ಇನ್ನೂ ಸುಲಭ. ಬೀಜದ ಪ್ಯಾಕೆಟ್ಟನ್ನು ಸದಸ್ಯರೇ ತಂದುಕೊಟ್ಟು ಬೆಳೆಸುವ ಕೂಲಿ ಮಾತ್ರ ಕೊಡುವ ಪದ್ಧತಿಯನ್ನೂ ಇಡಬಹುದು. ಈಗಲೂ ಕೆಲವು ದೊಡ್ಡ ರೈತರು ಹಾಗೆ ಮಾಡುತ್ತಾರೆ. ಬೀಜ ನಮ್ಮದು, ಟ್ರೇ ನಿಮ್ಮದು. ಖಾಲಿ ಪ್ಯಾಕೆಟ್ಟು ಮನೆಗೆ.

ಅವತ್ತು ಆಟೊ ಹೊರಡುವ ಮುಂಚೆ ನಾನು ಮಾಲೀಕರನ್ನು ಕೇಳಿದೆ, "ಅಣ್ಣ, ಇದಕ್ಕೊಂದು ಬಿಲ್ ಕೊಡಿ. ತಳಿ ಹೆಸರು, ಲಾಟ್ ನಂಬರ್ ಬರೆದು."

ಅವರು ಬೇಸರ ಮಾಡಿಕೊಳ್ಳಲಿಲ್ಲ. ನಕ್ಕು ಚಿಕ್ಕಪ್ಪನ ಕಡೆ ನೋಡಿದರು. "ಬಿಲ್ ಬೇಕಾ, ಕೊಡ್ತೀನಿ. ಬಿಲ್ ಅಂದ್ರೆ ಕ್ಯಾಶ್. ಬಾಕಿ ನಾಲ್ಕು ಸಾವಿರ ಈಗ್ಲೇ ಕೊಟ್ಬಿಡಿ. ಚೀಟಿ ಆದ್ರೆ ಮೊದಲ ಕೊಯ್ಲು ಆದ್ಮೇಲೆ ಕೊಡಿ ಪರವಾಗಿಲ್ಲ."

ಚಿಕ್ಕಪ್ಪ ಚೀಟಿಯನ್ನು ಎರಡು ಮಡಿಕೆ ಮಾಡಿ ಅಂಗಿ ಜೇಬಿಗೆ ಹಾಕಿಕೊಂಡು ಆಟೊ ಹತ್ತಿದರು.